ಬಂಗು, ಸುಕ್ಕಿಗೆ ಅಂತ ಡಾಕ್ಟ್ರ ಚೀಟಿ ಇಲ್ಲದೆ ಔಷಧಿ ಕ್ರೀಮ್ ಹಚ್ಚೋದನ್ನು ನಿಲ್ಲಿಸಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಪುರವಣಿಯಲ್ಲಿ ವಯಸ್ಸಾದ ಹಾಗೆ ಮುಖದ ಮೇಲೆ ಬರೋ ಕಲೆ, ಸುಕ್ಕಿಗೆ ಮನೆಮದ್ದು ಅಂತ ಅರ್ಧ ಪುಟ ಬಂದಿತ್ತು. ನಿಂಬೆರಸಕ್ಕೆ ಅಡುಗೆ ಸೋಡ ಕಲಸಿ ಬಂಗಿನ ಮೇಲೆ ಹಚ್ಚಿ ಅಂತ ಅದ್ರಲ್ಲಿ ಇತ್ತು. ಅದನ್ನು ಓದಿದ ಮೇಲೆ ಸುಮ್ಮನೆ ಕೂರ್ಲಿಕ್ಕೆ ಆಗಲಿಲ್ಲ. ನಾನು ಡಿ.ಫಾರ್ಮಾ ಓದಿದವಳು, ಡೊಂಬಿವಲಿಯಲ್ಲಿ ಯಜಮಾನರ ಜೊತೆ ಮೆಡಿಕಲ್ ಅಂಗಡಿ ನಡೆಸ್ತೇನೆ, ನಮ್ಮ ಕೌಂಟರಿಗೆ ಬರೋರಲ್ಲಿ ಅರ್ಧ ಜನ ಕನ್ನಡದವ್ರೇ, ಉಡುಪಿ ಕುಂದಾಪುರದವರು ಉಂಟು, ವಿಜಯಪುರ ಕಲಬುರ್ಗಿ ಕಡೆಯವ್ರೂ ಉಂಟು, ಮತ್ತು ನಲವತ್ತು ದಾಟಿದ ಹೆಂಗಸರು ನಮ್ಮಲ್ಲಿ ಮೆಲ್ಲಗೆ, ಪಕ್ಕದಲ್ಲಿ ಯಾರೂ ಇಲ್ಲದಾಗ ಕೇಳೋ ಪ್ರಶ್ನೆ ಒಂದೇ, ‘ಅಕ್ಕಾ, ಈ ಬಂಗಿಗೆ ಏನಾದ್ರೂ ಕ್ರೀಮ್ ಉಂಟಾ?’

ನಿಂಬೆಹಣ್ಣಿನ ವಿಷ್ಯ ಮೊದಲು ಹೇಳಿ ಮುಗಿಸ್ತೇನೆ. ನಿಂಬೆರಸ ಮುಖದ ಮೇಲೆ ಇದ್ದಾಗ ಬಿಸಿಲು ಬಿದ್ರೆ ಅದ್ರಲ್ಲಿರೋ ಕೆಲವು ಅಂಶ ಬಿಸಿಲಿನ ಜೊತೆ ಸೇರಿ ಚರ್ಮ ಸುಡ್ತದೆ, ಗುಳ್ಳೆ ಏಳ್ತದೆ, ಆಮೇಲೆ ಅದೇ ಜಾಗದಲ್ಲಿ ತಿಂಗಳುಗಟ್ಟಲೆ ಕಪ್ಪು ಕಲೆ ಉಳೀತದೆ. ನಮ್ಮ ಚರ್ಮ ಸ್ವಲ್ಪ ಆಮ್ಲೀಯ, ಅಂದ್ರೆ ಪಿಎಚ್ ಸುಮಾರು 5ರ ಹತ್ರ ಇರೋದು, ಅಡುಗೆ ಸೋಡ ಅದಕ್ಕೆ ಪೂರಾ ಉಲ್ಟಾ. ಕಡಲೆಹಿಟ್ಟು ಮೊಸರು ಹಚ್ಕೊಂಡ್ರೆ ಹೆಚ್ಚಿನವರಿಗೆ ಹಾನಿ ಏನಿಲ್ಲ, ಆದ್ರೆ ಸುಕ್ಕು ಹೋಗ್ಲಿಕ್ಕಿಲ್ಲ. ಕಲೆ ಹೋಗ್ಲಿ ಅಂತ ಹಚ್ಚಿದ್ದೇ ಕಲೆ ಮಾಡೋದಾದ್ರೆ ಅದನ್ನು ಪತ್ರಿಕೆಯಲ್ಲಿ ಹಾಕೋದು ಸರಿಯಲ್ಲ ಅಂತ ನನ್ನ ಖಡಾಖಂಡಿತ ಅಭಿಪ್ರಾಯ.

ಇದಕ್ಕಿಂತ ದೊಡ್ಡ ಕಷ್ಟ ಬೇರೆ ಉಂಟು, ಮುಖ್ಯವಾಗಿ ಅದನ್ನು ಹೇಳ್ಲಿಕ್ಕೇ ಈ ಪತ್ರ. ಈಚೆಗೆ ಒಬ್ಬರು ಬಂದ್ರು, ಮನೇಲೇ ಟಿಫಿನ್ ಡಬ್ಬ ಮಾಡಿ ಕೊಡ್ತಾರೆ, ದಿನಾ ಗ್ಯಾಸಿನ ಮುಂದೆ ನಿಂತೇ ಕೆಲಸ. ಮೊಬೈಲಲ್ಲಿ ಒಂದು ಟ್ಯೂಬಿನ ಫೋಟೋ ತೋರಿಸಿ ಇದೇ ಬೇಕು, ನಾಲ್ಕು ಕೊಡಿ, ಊರಿಗೆ ತಂಗಿಗೂ ಕಳಿಸ್ಬೇಕು ಅಂದ್ರು. ಮುಖ ನೋಡಿದ್ರೆ ಎರಡೂ ಕೆನ್ನೆ ಕೆಂಪಗೆ, ಚರ್ಮ ಎಷ್ಟು ತೆಳು ಆಗಿತ್ತು ಅಂದ್ರೆ ಒಳಗಿನ ಸಣ್ಣ ಸಣ್ಣ ರಕ್ತನಾಳ ಕೆಂಪು ದಾರದ ಹಾಗೆ ಕಾಣ್ತಿತ್ತು, ಗಲ್ಲದ ಹತ್ರ ಮೊಡವೆ, ಕಿವಿಯ ಮುಂದೆ ಕೂದಲು ದಟ್ಟ ಆಗಿತ್ತು. ಎಷ್ಟು ದಿನದಿಂದ ಹಚ್ತಾ ಇದ್ದೀರಿ ಕೇಳಿದ್ರೆ ಮಗಳ ಮದುವೆಗೆ ಮುಂಚಿಂದ ಅಂದ್ರು, ಆ ಮಗಳಿಗೆ ಈಗ ಶಾಲೆಗೆ ಹೋಗೋ ಮಗು ಉಂಟು. ಹಚ್ಚೋದು ಬಿಟ್ರೆ ಮುಖ ಉರಿ ಹತ್ತಿ ಕಪ್ಪಾಗ್ತದೆ, ಅದಕ್ಕೇ ಬಿಡ್ಲಿಕ್ಕೆ ಹೆದರಿಕೆ ಅಂತ ಕಣ್ಣಲ್ಲಿ ನೀರು ತಂದುಕೊಂಡ್ರು.

ಆ ಟ್ಯೂಬಲ್ಲಿ ಇದ್ದದ್ದು ಮೂರು ಔಷಧಿ ಕೂಡಿಸಿದ ಕ್ರೀಮ್, ಬಣ್ಣ ತಿಳಿ ಮಾಡೋ ಹೈಡ್ರೋಕ್ವಿನೋನ್, ವಿಟಮಿನ್ ಎ ಜಾತಿಯ ಟ್ರೆಟಿನಾಯಿನ್ ಮತ್ತು ಮೊಮೆಟಾಸೋನ್ ಅನ್ನೋ ಸ್ಟೀರಾಯ್ಡ್. ಇಂಥ ಮೂರರ ಮಿಶ್ರಣ ಹೊಸದಲ್ಲ, 1975ರಲ್ಲೇ ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಅವರ ಜೊತೆಯವರು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್‌ಗೆ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಸೇರಿಸಿ ಮಾಡಿದ್ರು, ಬಂಗಿಗೆ ಅದು ಕೆಲಸ ಮಾಡ್ತದೆ ಅನ್ನೋದೂ ನಿಜ. ಆದ್ರೆ ಅದು ಡಾಕ್ಟ್ರು ನೋಡಿ, ಕೆಲವೇ ವಾರ ಅಂತ ಲೆಕ್ಕ ಹೇಳಿ ಕೊಟ್ಟು, ಮತ್ತೆ ಕರೆಸಿ ನೋಡಿ ನಿಲ್ಲಿಸೋ ಔಷಧಿ. ಮೊದಲೆರಡು ವಾರದಲ್ಲಿ ಮುಖ ಬೆಳ್ಳಗೆ ನುಣ್ಣಗೆ ಕಾಣ್ತದೆ, ಅಲ್ಲೇ ಜನ ಸಿಕ್ಕಿ ಬೀಳೋದು. ಅಕ್ಕಪಕ್ಕದವರು ಏನು ಹಚ್ತೀ ಅಂತ ಕೇಳ್ತಾರೆ, ಇವರು ಹೆಸರು ಹೇಳ್ತಾರೆ, ಒಂದು ಚಾಳಿನಿಂದ ಇನ್ನೊಂದು ಚಾಳಿಗೆ, ಮಹಿಳಾ ಮಂಡಲದ ವಾಟ್ಸ್ಆಪ್ ಗುಂಪಿಗೆ, ಅಲ್ಲಿಂದ ಊರಿಗೆ. ವರ್ಷಗಟ್ಟಲೆ ಹಚ್ಚಿದ್ರೆ ಸ್ಟೀರಾಯ್ಡ್ ಚರ್ಮವನ್ನು ತೆಳು ಮಾಡ್ತದೆ, ಅಂದ್ರೆ ವಯಸ್ಸು ನಿಧಾನವಾಗಿ ಮಾಡೋ ಕೆಲಸವನ್ನು ಇದು ಬೇಗ ಮಾಡಿ ಮುಗಿಸ್ತದೆ. ಹೈಡ್ರೋಕ್ವಿನೋನ್ ಕೂಡ ಬಹಳ ಕಾಲ ಹಚ್ಚಿದವರಲ್ಲಿ ಕೆಲವರಿಗೆ ಓಕ್ರೋನೋಸಿಸ್ ಅಂತ ಬರ್ತದೆ, ನೀಲಿ ಕಪ್ಪು ಬಣ್ಣದ ಕಲೆ, ಅದನ್ನು ತೆಗೀಲಿಕ್ಕೆ ಚರ್ಮವೈದ್ಯರಿಗೂ ಬಹಳ ಕಷ್ಟ.

ಸ್ಟೀರಾಯ್ಡಿನಿಂದ ಹಾಳಾದ ಇಂಥ ಮುಖಕ್ಕೆ ನಮ್ಮ ದೇಶದ ಚರ್ಮವೈದ್ಯರೇ ಬೇರೆ ಹೆಸರು ಇಡಬೇಕಾಯ್ತು, ಅವರ ಸಂಘ ಐಎಡಿವಿಎಲ್ ಇದರ ವಿರುದ್ಧ ಒಂದು ಟಾಸ್ಕ್ ಫೋರ್ಸೇ ಮಾಡ್ತು. 2018ರ ಮಾರ್ಚಿನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಹದಿನಾಲ್ಕು ಸ್ಟೀರಾಯ್ಡ್ ಕ್ರೀಮ್‌ಗಳನ್ನು ಶೆಡ್ಯೂಲ್ ಎಚ್‌ಗೆ ತಂತು, ಅಂದ್ರೆ ಡಾಕ್ಟ್ರ ಚೀಟಿ ಇಲ್ಲದೆ ಯಾವ ಮೆಡಿಕಲ್ ಅಂಗಡಿಯವರೂ ಕೊಡಬಾರದು. ಕಾನೂನು ಬಂದು ಇಷ್ಟು ವರ್ಷ ಆಯ್ತು, ನಾವು ಇಲ್ಲ ಅಂದ್ರೆ ಗಿರಾಕಿ ಮುಖ ಸಿಂಡರಿಸಿ ಮುಂದಿನ ಗಲ್ಲಿಯಲ್ಲಿ ತಗೊಂಡು ಹೋಗ್ತಾರೆ. ನಮ್ಮ ವ್ಯಾಪಾರದವರೇ ಹೀಗೆ ಮಾಡೋದು ನೋಡಿ ನನಗೆ ತುಂಬಾ ಬೇಜಾರಾಗ್ತದೆ. ಓದುಗರು ಇಷ್ಟು ಮಾಡಿದ್ರೂ ಸಾಕು, ಕ್ರೀಮಿನ ಪೆಟ್ಟಿಗೆ ತಿರುಗಿಸಿ ನೋಡಿ, ಎಡಗಡೆ ಉದ್ದಕ್ಕೆ ಕೆಂಪು ಗೆರೆ ಇದ್ರೆ, ಆರ್‌ಎಕ್ಸ್ ಗುರುತು ಇದ್ರೆ ಅದು ಫೇಸ್ ಕ್ರೀಮ್ ಅಲ್ಲ, ಔಷಧಿ. ಹೆಸರಿನ ಕೊನೆಗೆ ‘ಸೋನ್’, ‘ಸಾಲ್’ ಅಂತ ಬರೋದು, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಥರದ್ದು ಕಂಡ್ರೆ ಡಾಕ್ಟ್ರು ಹೇಳದೆ ಮುಖಕ್ಕೆ ಮುಟ್ಟಿಸಬೇಡಿ. ಈಗಾಗ್ಲೇ ತುಂಬಾ ದಿನದಿಂದ ಹಚ್ತಾ ಇರೋರು ಹೆದರ್ಬೇಡಿ, ಟ್ಯೂಬ್ ಸಮೇತ ಚರ್ಮವೈದ್ಯರ ಹತ್ರ ಹೋಗಿ, ಬಿಡಿಸೋ ಕ್ರಮ ಅವರಿಗೆ ಗೊತ್ತುಂಟು, ಕೆಲವು ವಾರ ತಿಂಗಳು ಉರಿ ಕೆಂಪು ಇರಬಹುದು, ಹೆಚ್ಚಿನವರಿಗೆ ಆಮೇಲೆ ಕಮ್ಮಿ ಆಗ್ತದೆ.

ಪೆಟ್ಟಿಗೆ ಮೇಲೆ ಏನೂ ಬರೆಯದೇ ಇರೋ ಕ್ರೀಮ್ ಇನ್ನೂ ಅಪಾಯ. ಲೋಕಲ್ ಟ್ರೈನಿನ ಲೇಡೀಸ್ ಡಬ್ಬದಲ್ಲಿ, ಪಾರ್ಲರಲ್ಲಿ ಚಿಕ್ಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಗ್ತದಲ್ಲ ಅದು. 2023ರಲ್ಲಿ ನಮ್ಮದೇ ಮಹಾರಾಷ್ಟ್ರದ ಅಕೋಲಾದಲ್ಲಿ ಒಂದು ಮನೆಯ ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳಿಗೆ ಕಿಡ್ನಿ ತೊಂದರೆ ಬಂದದ್ದು ಸುದ್ದಿ ಆಗಿತ್ತು, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಹುಡುಕ್ತಾ ಹೋದಾಗ ಮೂವರೂ ಹಚ್ತಾ ಇದ್ದ ಬಣ್ಣ ಬಿಳಿ ಮಾಡೋ ಕ್ರೀಮಲ್ಲಿ ಪಾದರಸ ಸಿಕ್ತು. ಪಾದರಸ ಬಣ್ಣ ತಯಾರಾಗೋದನ್ನು ತಡೀತದೆ, ಚರ್ಮದ ಮೂಲಕ ಒಳಗೆ ಹೋಗಿ ಕಿಡ್ನಿಯನ್ನೂ ಹಾಳು ಮಾಡ್ತದೆ. ಮಾಡಿದವರ ವಿಳಾಸ, ಲೈಸೆನ್ಸ್ ನಂಬರ್, ಒಳಗೇನುಂಟು ಅನ್ನೋ ಪಟ್ಟಿ ಇಲ್ಲದ ಡಬ್ಬಿ ಎಷ್ಟೇ ಅಗ್ಗ ಆದ್ರೂ ಬೇಡ.

ಹಾಗಾದ್ರೆ ಏನು ಹಚ್ಚೋದು ಅಂತ ಕೇಳ್ತೀರಿ. ಅದಕ್ಕೆ ಮುಂಚೆ ವಯಸ್ಸು ಚರ್ಮದ ಮೇಲೆ ಹೇಗೆ ಕಾಣ್ತದೆ ಅಂತ ಸ್ವಲ್ಪ ತಿಳ್ಕೊಂಡ್ರೆ ಒಳ್ಳೇದು. ಚರ್ಮಕ್ಕೆ ಬಿಗಿ ಕೊಡೋದು ಕೊಲಾಜನ್ ಅನ್ನೋ ನಾರು, ಇಪ್ಪತ್ತು ದಾಟಿದ ಮೇಲೆ ವರ್ಷಕ್ಕೆ ಸುಮಾರು ಶೇಕಡ 1ರಷ್ಟು ಕಮ್ಮಿ ಆಗ್ತಾ ಬರ್ತದೆ, ಹೆಂಗಸರಿಗೆ ಮುಟ್ಟು ನಿಂತ ಮೇಲಿನ ಮೊದಲ ಐದು ವರ್ಷದಲ್ಲೇ ಸುಮಾರು ಶೇಕಡ 30 ಹೋಗ್ತದೆ. ಐವತ್ತರ ಆಸುಪಾಸಿನಲ್ಲಿ ‘ಒಮ್ಮೆಲೇ ಮುಖ ಇಳಿದು ಹೋಯ್ತು’ ಅಂತ ಹೆಂಗಸರು ಹೇಳೋದು ಸುಳ್ಳಲ್ಲ. ಆದ್ರೆ ಇದು ಸಣ್ಣ ಪಾಲು, ಮುಖದ ಮೇಲೆ ನಾವು ವಯಸ್ಸು ಅಂತ ತಿಳ್ಕೊಳ್ಳೋದರಲ್ಲಿ ದೊಡ್ಡ ಪಾಲು ಬಿಸಿಲಿನದ್ದು. ನಂಬಿಕೆ ಬರದಿದ್ರೆ ಸೀರೆ ಮುಚ್ಚಿದ ಹೊಟ್ಟೆಯ ಚರ್ಮ ನೋಡಿ, ಮುಂಗೈ ಚರ್ಮ ನೋಡಿ, ಎರಡಕ್ಕೂ ವಯಸ್ಸು ಒಂದೇ.

2012ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಫೋಟೋ ಬಂದಿತ್ತು, 28 ವರ್ಷ ಡೆಲಿವರಿ ಟ್ರಕ್ ಓಡಿಸಿದ 69 ವರ್ಷದ ಒಬ್ಬರದ್ದು. ಅಲ್ಲಿ ಡ್ರೈವರ್ ಎಡಗಡೆ ಕೂರೋದು, ಅವರ ಮುಖದ ಎಡಗಡೆ ಅರ್ಧ ದಪ್ಪ ದಪ್ಪ ಸುಕ್ಕು ಬಿದ್ದು ಜೋತು ಹೋಗಿತ್ತು, ಬಲಗಡೆ ಅರ್ಧ ಹತ್ತಿಪ್ಪತ್ತು ವರ್ಷ ಚಿಕ್ಕವರ ಹಾಗೆ. ಯಾಕೆ ಅಂದ್ರೆ ಬಿಸಿಲಲ್ಲಿರೋ ಯುವಿಎ ಅನ್ನೋ ಕಿರಣ ಕಿಟಕಿ ಗಾಜನ್ನೂ ದಾಟಿ ಬರ್ತದೆ, ಸುಡೋದಿಲ್ಲ, ಹಾಗಾಗಿ ಗೊತ್ತಾಗೋದೂ ಇಲ್ಲ. ನಮ್ಮ ಊರಲ್ಲಿ ಸ್ಟೀರಿಂಗ್ ಬಲಗಡೆ, ನಮ್ಮ ಬಿಲ್ಡಿಂಗಿನ ಮಕ್ಕಳ ಸ್ಕೂಲ್ ವ್ಯಾನ್ ಓಡಿಸೋ ಅಣ್ಣನ ಬಲಗೈ ಮೊಣಕೈಯಿಂದ ಕೆಳಗೆ ಎಡಗೈಗಿಂತ ಎರಡು ಪಟ್ಟು ಕಪ್ಪು, ಮೇಲೆ ಬಿಳಿ ಬಿಳಿ ಚುಕ್ಕಿ, ಕೈ ಎರಡೂ ಜೋಡಿಸಿ ಹಿಡಿದ್ರೆ ಬೇರೆ ಬೇರೆ ಮನುಷ್ಯರದ್ದು ಅನ್ಸ್ತದೆ.

ನಮ್ಮಂಥ ಕಂದು ಚರ್ಮದವರಿಗೆ ಬಿಳಿಯರಿಗಿಂತ ಸುಕ್ಕು ತಡವಾಗಿ ಬರ್ತದೆ, ಚರ್ಮಕ್ಕೆ ಬಣ್ಣ ಕೊಡೋ ಮೆಲನಿನ್ ಕಾಪಾಡ್ತದೆ. ಆದ್ರೆ ನಮಗೆ ವಯಸ್ಸು ಮೊದಲು ಬಣ್ಣದಲ್ಲಿ ಕಾಣ್ತದೆ. ಕೆನ್ನೆ, ಮೂಗಿನ ಮೇಲೆ ಬಂಗು, ಬಾಯಿ ಸುತ್ತ ಕಪ್ಪು, ಕಣ್ಣಿನ ಕೆಳಗೆ ಕಪ್ಪು, ಮತ್ತೆ ಕೆನ್ನೆ ಮೇಲೆ ಎಳ್ಳುಕಾಳಿನಷ್ಟು ಉಬ್ಬಿದ ಕರಿ ಚುಕ್ಕಿಗಳು. ಕುತ್ತಿಗೆಯಲ್ಲಿ ಜೋತಾಡೋ ನರುಳ್ಳೆ ಇರ್ತದಲ್ಲ, ಅದನ್ನು ದಾರ ಕಟ್ಟಿ ಕೀಳೋದು, ಸುಣ್ಣ ಹಚ್ಚಿ ಸುಡೋದು ಎರಡೂ ಬೇಡ, ಚರ್ಮವೈದ್ಯರು ಐದು ನಿಮಿಷದಲ್ಲಿ ತೆಗೀತಾರೆ. ಕುತ್ತಿಗೆ ಹಿಂದೆ, ಕಂಕುಳಲ್ಲಿ ದಪ್ಪಗೆ ಮಖಮಲ್ಲಿನ ಹಾಗೆ ಕಪ್ಪಾದ್ರೆ ಅದು ಕೊಳೆಯೂ ಅಲ್ಲ ವಯಸ್ಸೂ ಅಲ್ಲ, ಹೆಚ್ಚಾಗಿ ಇನ್ಸುಲಿನ್ ಸರಿ ಕೆಲಸ ಮಾಡ್ತಿಲ್ಲ ಅನ್ನೋ ಸೂಚನೆ, ಸ್ಕ್ರಬ್ ಹಾಕಿ ತಿಕ್ಕೋದು ಬಿಟ್ಟು ಶುಗರ್ ಟೆಸ್ಟ್ ಮಾಡಿಸಿ. ಇದನ್ನು ನಾನು ಎಷ್ಟು ತಾಯಂದಿರಿಗೆ ಹೇಳಿದ್ದೇನೋ ಲೆಕ್ಕ ಇಲ್ಲ, ಹುಡುಗಿ ಸರಿಯಾಗಿ ಸ್ನಾನ ಮಾಡೋದಿಲ್ಲ ಅಂತ ಮಗಳಿಗೆ ಬೈತಾ ಇರ್ತಾರೆ ಪಾಪ.

ಈಗ ಹಚ್ಚೋ ವಿಷ್ಯ. ಮೊದಲನೇದು ಸನ್‌ಸ್ಕ್ರೀನ್, ಎರಡನೇದೂ ಸನ್‌ಸ್ಕ್ರೀನೇ ಅಂತ ನಾನು ಹೇಳ್ತೇನೆ, ಯಾಕಂದ್ರೆ ಬಂಗಿಗೆ ಎಷ್ಟು ದುಬಾರಿ ಔಷಧಿ ಹಚ್ಚಿದ್ರೂ ಬಿಸಿಲಿಂದ ಕಾಪಾಡದಿದ್ರೆ ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ಆಸ್ಟ್ರೇಲಿಯಾದ ನಂಬೂರ್ ಅನ್ನೋ ಊರಲ್ಲಿ 55 ವರ್ಷದೊಳಗಿನ 903 ಜನರನ್ನು ನಾಲ್ಕೂವರೆ ವರ್ಷ ನೋಡಿದ್ರು, ದಿನಾ ತಪ್ಪದೆ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮಕ್ಕೆ, ಮನಸ್ಸು ಬಂದಾಗ ಹಚ್ಚಿದವರಿಗಿಂತ ಶೇಕಡ 24 ಕಮ್ಮಿ ವಯಸ್ಸಾಗಿತ್ತು, 2013ರಲ್ಲಿ ಅದು ಪ್ರಕಟ ಆಯ್ತು. ಅಲ್ಲಿಯವರು ಹೆಚ್ಚಿನವರು ಬಿಳಿಯರು ಅನ್ನೋದು ಹೌದು, ಆದ್ರೆ ಮುಂಬೈಯಲ್ಲಿ ಏಪ್ರಿಲ್ ಮೇಯಲ್ಲಿ ಮಧ್ಯಾಹ್ನ ಬಿಸಿಲಿನ ಕಿರಣದ ತೀವ್ರತೆ ಅಳೆಯೋ ಯುವಿ ಇಂಡೆಕ್ಸ್ 11 ದಾಟ್ತದೆ, ಅದು ಅತಿ ಹೆಚ್ಚಿನ ಮಟ್ಟ, ಮಳೆಗಾಲದ ತೆಳು ಮೋಡ ಕೂಡ ಪೂರ್ತಿ ತಡೆಯೋದಿಲ್ಲ.

ಡಬ್ಬಿ ಮೇಲೆ ಎಸ್‌ಪಿಎಫ್ 30 ಅಥವಾ ಮೇಲೆ ಇರಲಿ, ಜೊತೆಗೆ ಬ್ರಾಡ್ ಸ್ಪೆಕ್ಟ್ರಮ್ ಅಥವಾ ಪಿಎ ಅಂತ ಬರೆದು ಮೂರು ನಾಲ್ಕು ಪ್ಲಸ್ ಇರಲಿ, ಅಂದ್ರೆ ಮೇಲೆ ಹೇಳಿದ ಯುವಿಎಯನ್ನೂ ತಡೀತದೆ ಅಂತ. 30 ಇದ್ರೆ ಸುಡೋ ಕಿರಣದಲ್ಲಿ ಶೇಕಡ 97 ತಡೀತದೆ, 50 ಇದ್ರೆ 98, ಹಾಗಾಗಿ 100 ಅಂತ ಬರೆದದ್ದಕ್ಕೆ ಡಬಲ್ ದುಡ್ಡು ಕೊಡೋದು ಬೇಡ. ಆದ್ರೆ ಹಚ್ಚೋ ಪ್ರಮಾಣ ಮುಖ್ಯ. ತೋರುಬೆರಳು ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಕ್ರೀಮ್ ಮುಖ ಮತ್ತು ಕುತ್ತಿಗೆಗೆ ಬೇಕು, ನಮ್ಮವರು ಕುಂಕುಮದ ಬೊಟ್ಟಿನಷ್ಟು ತಗೊಂಡು ಇಡೀ ಮುಖಕ್ಕೆ ಸವರಿ ಏನೂ ಪ್ರಯೋಜನ ಆಗಲಿಲ್ಲ ಅಂತಾರೆ. ದಿನಕ್ಕೆ ಒಂದೇ ಸಲ ಸರಿಯಾಗಿ ಹಚ್ಚಿದ್ರೂ 50 ಗ್ರಾಂ ಟ್ಯೂಬ್ ಒಂದೂವರೆ ತಿಂಗಳಲ್ಲಿ ಮುಗೀಬೇಕು, ನಿಮ್ಮದು ವರ್ಷ ಬಂದ್ರೆ ನೀವು ಹಚ್ಚಿದ ಲೆಕ್ಕ ಅಲ್ಲ. ಹೊರಗೆ ತಿರುಗೋರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬಂಗು ಇದ್ದವರು ಸ್ವಲ್ಪ ಬಣ್ಣ ಇರೋ, ಐರನ್ ಆಕ್ಸೈಡ್ ಸೇರಿಸಿದ ಸನ್‌ಸ್ಕ್ರೀನ್ ಕೇಳಿ ತಗೊಳ್ಳಿ, ಯಾಕಂದ್ರೆ ನಮ್ಮ ಚರ್ಮದಲ್ಲಿ ಕಣ್ಣಿಗೆ ಕಾಣೋ ಬೆಳಕೂ ಬಂಗನ್ನು ಹೆಚ್ಚು ಮಾಡ್ತದೆ, ಬಿಳಿ ಸನ್‌ಸ್ಕ್ರೀನ್ ಆ ಬೆಳಕನ್ನು ಅಷ್ಟಾಗಿ ತಡೆಯೋದಿಲ್ಲ. ದುಡ್ಡಿಲ್ಲ ಅನ್ನೋರಿಗೆ ಛತ್ರಿ ಉಂಟು, ಪುಣೆಯಲ್ಲಿ ಸ್ಕೂಟಿ ಓಡಿಸೋ ಹುಡುಗೀರು ಕಣ್ಣು ಮಾತ್ರ ಬಿಟ್ಟು ಮುಖಕ್ಕೆ ಸ್ಕಾರ್ಫ್ ಕಟ್ತಾರಲ್ಲ, ನನಗೆ ಅದು ತುಂಬಾ ಮೆಚ್ಚಿಗೆ. ಗಂಡಸರೂ ಹಚ್ಚಬೇಕು, ಬೈಕಲ್ಲಿ ಡೆಲಿವರಿ ಮಾಡೋ ನಮ್ಮ ಹುಡುಗರಿಗೆ ಇದನ್ನು ಯಾರೂ ಹೇಳೋದೇ ಇಲ್ಲ.

ಸುಕ್ಕಿಗೆ ನಿಜವಾಗಿ ಕೆಲಸ ಮಾಡ್ತದೆ ಅಂತ ಸಾಬೀತಾದ ಹಚ್ಚೋ ಔಷಧಿ ಅಂದ್ರೆ ಟ್ರೆಟಿನಾಯಿನ್, ವಿಟಮಿನ್ ಎ ಜಾತಿಯದ್ದು. ಮೊದಲು ಮೊಡವೆಗೆ ಕೊಡ್ತಾ ಇದ್ರು, ಹಚ್ಚಿಕೊಂಡ ಹೆಂಗಸರ ಸಣ್ಣ ಸುಕ್ಕು ಕೂಡ ಕಮ್ಮಿ ಆದದ್ದು ಗಮನಕ್ಕೆ ಬಂದು ಅದೇ ಕ್ಲಿಗ್ಮನ್ 1986ರಲ್ಲಿ ಬರೆದ್ರು, 1995ರಲ್ಲಿ ಅಮೆರಿಕ ಸರ್ಕಾರ ಬಿಸಿಲಿಂದ ಹಾಳಾದ ಚರ್ಮಕ್ಕೆ ಅಂತಲೇ ಒಪ್ಪಿಗೆ ಕೊಟ್ಟಿತು. ಇದಕ್ಕೂ ಚೀಟಿ ಬೇಕು. ರಾತ್ರಿ ಮಾತ್ರ, ಮುಖ ಪೂರ್ತಿ ಒಣಗಿದ ಮೇಲೆ, ಬಟಾಣಿ ಕಾಳಿನಷ್ಟು ಇಡೀ ಮುಖಕ್ಕೆ, ಮೊದಮೊದಲು ವಾರಕ್ಕೆ ಎರಡು ಮೂರು ಸಲ, ಜೊತೆಗೆ ಮಾಯಿಶ್ಚರೈಸರ್. ಮೊದಲ ವಾರಗಳಲ್ಲಿ ಸಿಪ್ಪೆ ಏಳ್ತದೆ, ಕೆಂಪಾಗ್ತದೆ, ಅಲ್ಲೇ ಹೆಚ್ಚಿನವರು ಬಿಟ್ಟುಬಿಡ್ತಾರೆ, ಫಲ ಕಾಣ್ಲಿಕ್ಕೆ ಮೂರರಿಂದ ಆರು ತಿಂಗಳು ಬೇಕು. ಬಸುರಿಯರು, ಮಗು ಬೇಕು ಅಂತ ಇರೋರು ಹಚ್ಚಬಾರದು. ಚೀಟಿ ಇಲ್ಲದೆ ಸಿಗೋ ರೆಟಿನಾಲ್ ಇದರದ್ದೇ ಮೆತ್ತಗಿನ ರೂಪ, ನಿಧಾನ, ಅದೂ ಬಸುರಿಯರಿಗೆ ಬೇಡ. ಬಂಗಿಗೆ ಸ್ಟೀರಾಯ್ಡ್ ಇಲ್ಲದ ದಾರಿ ಉಂಟು, ಅಜೆಲಾಯಿಕ್ ಆಸಿಡ್ ಒಂದು, ಡಾಕ್ಟ್ರಿಗೆ ಕೇಳಿ ನೋಡಿ.

ಬೊಟಾಕ್ಸ್, ಫಿಲ್ಲರ್, ಲೇಸರ್, ಪೀಲಿಂಗ್ ಬಗ್ಗೆ ಕೇಳೋರೂ ಈಗ ಜಾಸ್ತಿ, ಅಂಧೇರಿಯಿಂದ ಡೊಂಬಿವಲಿವರೆಗೆ ಸ್ಟೇಷನ್ ಹೊರಗೆಲ್ಲ ಬೋರ್ಡ್ ಕಾಣ್ತದೆ. ಬೊಟಾಕ್ಸ್ ಹಣೆಯ ಸ್ನಾಯು ಸಡಿಲ ಮಾಡಿ ಗೆರೆ ಮರೆಸ್ತದೆ, ಮೂರು ನಾಲ್ಕು ತಿಂಗಳಲ್ಲಿ ಇಳಿದು ಹೋಗ್ತದೆ, ಮತ್ತೆ ದುಡ್ಡು. ಲೇಸರ್ ಮತ್ತು ಆಸಿಡ್ ಹಚ್ಚಿ ಮೇಲಿನ ಪದರ ಸುಲಿಯೋ ಗಟ್ಟಿ ಪೀಲ್ ನಮ್ಮ ಬಣ್ಣದ ಚರ್ಮದಲ್ಲಿ ತಪ್ಪಿದ್ರೆ ಇದ್ದ ಕಲೆಗಿಂತ ದೊಡ್ಡ ಕಲೆ ಬಿಡ್ತದೆ, ಹಾಗಾಗಿ ಪಾರ್ಲರಲ್ಲಿ ಬೇಡವೇ ಬೇಡ, ಮಾಡೋರು ಎಂಡಿ ಅಥವಾ ಡಿಎನ್‌ಬಿ ಚರ್ಮವೈದ್ಯರಾ ಅಂತ ಕೇಳಿ, ರಿಜಿಸ್ಟ್ರೇಷನ್ ನಂಬರ್ ಕೇಳಿ, ನಾಚಿಕೆ ಬೇಡ. ಕೊಲಾಜನ್ ಪುಡಿ ಕುಡಿದ್ರೆ ಅದು ಹೊಟ್ಟೇಲಿ ಜೀರ್ಣ ಆಗ್ತದೆ, ಹಾಗೇ ಹೋಗಿ ಕೆನ್ನೆಯಲ್ಲಿ ಕೂರೋದಿಲ್ಲ, ಆ ದುಡ್ಡಲ್ಲಿ ಸನ್‌ಸ್ಕ್ರೀನ್ ಬರ್ತದೆ.

ಮನೆಯ ಹಿರಿಯರನ್ನು ಮರೀಬಾರದು. ಎಪ್ಪತ್ತು ದಾಟಿದ ಅತ್ತೆ ಮಾವ ಇಡೀ ರಾತ್ರಿ ಕಾಲು ತುರಿಸ್ತಾರೆ ಅಂದ್ರೆ ಹೆಚ್ಚಾಗಿ ಒಣ ಚರ್ಮ, ಬಿಸಿ ಬಿಸಿ ನೀರು, ಜಾಸ್ತಿ ಸಾಬೂನು ಕಮ್ಮಿ ಮಾಡಿ ಸ್ನಾನ ಆದ ಕೂಡಲೇ ಮೈ ಹಸಿ ಇರೋವಾಗ ತೆಂಗಿನೆಣ್ಣೆ ಅಥವಾ ಮಾಯಿಶ್ಚರೈಸರ್ ಹಚ್ಚಿ. ಕಮ್ಮಿ ಆಗದಿದ್ರೆ ಡಾಕ್ಟ್ರಿಗೆ ತೋರಿಸಿ, ಕಿಡ್ನಿ, ಥೈರಾಯ್ಡ್ ತೊಂದರೆಯಲ್ಲೂ ತುರಿಕೆ ಬರ್ತದೆ. ಮುಂಗೈ ಮೇಲೆ ಸುಮ್ಮನೆ ನೇರಳೆ ಕಲೆ ಬಂದ್ರೆ ಚರ್ಮ ತೆಳು ಆದದ್ದಕ್ಕೆ, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಿಗೆ ಇನ್ನೂ ಜಾಸ್ತಿ. ಆದ್ರೆ ಮಚ್ಚೆ ದೊಡ್ಡ ಆಗ್ತಾ ಹೋದ್ರೆ, ಅಂಚು ಬಣ್ಣ ಬದಲಾದ್ರೆ, ವಾರಗಟ್ಟಲೆ ಮಾಯದ ಹುಣ್ಣು ಇದ್ರೆ, ಅಂಗಾಲಲ್ಲಿ ಅಥವಾ ಉಗುರಿನ ಕೆಳಗೆ ಹೊಸದಾಗಿ ಕಪ್ಪು ಕಂಡ್ರೆ ಅದನ್ನು ವಯಸ್ಸು ಅಂತ ಬಿಡಬೇಡಿ, ನಮ್ಮ ಚರ್ಮದವರಿಗೆ ಮೆಲನೋಮ ಅನ್ನೋ ಕ್ಯಾನ್ಸರ್ ಹೆಚ್ಚಾಗಿ ಕಾಣೋದೇ ಅಂಗಾಲು, ಅಂಗೈ, ಉಗುರಲ್ಲಿ.

ಚರ್ಮವೈದ್ಯರ ಫೀಸ್ ಕೊಡ್ಲಿಕ್ಕೆ ಆಗೋದಿಲ್ಲ ಅಂತಲೇ ಹೆಚ್ಚಿನವರು ಕೌಂಟರಿಗೆ ಬರೋದು, ಅದು ನನಗೆ ಅರ್ಥ ಆಗ್ತದೆ. ಅವರಿಗೆ ಹೇಳೋದು, ಪರೇಲಿನ ಕೆಇಎಂ, ಸಾಯನ್, ನಾಯರ್, ಜೆಜೆ, ಎಲ್ಲ ಕಡೆ ಚರ್ಮದ ಓಪಿಡಿ ಉಂಟು, ಕೇಸ್ ಪೇಪರ್‌ಗೆ ಆಗೋದು ಒಂದು ಟ್ಯೂಬಿನ ಬೆಲೆಗಿಂತ ಎಷ್ಟೋ ಕಮ್ಮಿ. ಬೆಳಗ್ಗೆ ಬೇಗ ಹೋಗಿ ಲೈನಲ್ಲಿ ನಿಲ್ಲಬೇಕು, ಅರ್ಧ ದಿನ ಹೋಗ್ತದೆ, ಹೋಗಲಿ. ಆ ಟಿಫಿನ್ ಮಾಡೋ ಅಕ್ಕನನ್ನೂ ನಾನು ಅಲ್ಲಿಗೇ ಕಳಿಸಿದ್ದು.

ಸಂಪಾದಕರೇ, ನಿಮ್ಮಲ್ಲಿ ಎರಡು ವಿನಂತಿ. ಪುರವಣಿಯಲ್ಲಿ ಇನ್ನು ಮುಂದೆ ಮುಖಕ್ಕೆ ಹಚ್ಚೋ ಯಾವ ಸಲಹೆ ಹಾಕೋದಿದ್ರೂ ಒಬ್ಬ ಚರ್ಮವೈದ್ಯರಿಗೆ ತೋರಿಸಿ ಹಾಕಿ, ಈ ಊರಲ್ಲಿ ಕನ್ನಡ ಬರೋ ಚರ್ಮವೈದ್ಯರಿಗೆ ಬರ ಇಲ್ಲ, ತಿಂಗಳಿಗೊಮ್ಮೆ ಓದುಗರ ಪ್ರಶ್ನೆಗೆ ಉತ್ತರ ಬರೀರಿ ಅಂದ್ರೆ ಒಪ್ಪೋರು ಸಿಗ್ತಾರೆ. ಇನ್ನೊಂದು, ಮುಂಬೈ, ಥಾಣೆ, ನವಿಮುಂಬೈಯ ಕನ್ನಡ ಸಂಘಗಳು, ಜಾತಿ ಸಂಘಗಳು ವರ್ಷಕ್ಕೊಮ್ಮೆ ಆರೋಗ್ಯ ಶಿಬಿರ ಮಾಡ್ತಾರೆ, ಬಿಪಿ ಶುಗರ್ ಕಣ್ಣು ನೋಡ್ತಾರೆ. ಅದರ ಜೊತೆಗೆ ಒಂದು ಮೇಜು ಚರ್ಮಕ್ಕೂ ಇಡಿ, ಬರೋರು ಮನೇಲಿ ಹಚ್ತಾ ಇರೋ ಕ್ರೀಮನ್ನು ಕೈಯಲ್ಲೇ ತನ್ನಿ ಅಂತ ಮೊದಲೇ ತಿಳಿಸಿ ಅಂತ ನಿಮ್ಮ ಪತ್ರಿಕೆ ಮೂಲಕ ಸಂಘದವರಿಗೆ ಕೇಳ್ತಿದ್ದೇನೆ. ನಮ್ಮ ಡೊಂಬಿವಲಿ ಕಡೆ ಯಾರಾದ್ರೂ ಮಾಡೋದಾದ್ರೆ ಆ ಮೇಜಿನ ಹತ್ರ ಕೂತು ಪೆಟ್ಟಿಗೆ ಓದಿ ಹೇಳ್ಲಿಕ್ಕೆ ನಾನು ಬರ್ತೇನೆ.

ಇತಿ,
ಒಬ್ಬ ಓದುಗಿ, ಡೊಂಬಿವಲಿ ಪೂರ್ವ